ಗೋಡೆಯಾಚೆ ಪಪ್ಪ

ಸಾವಿರದ ಒಂಬೈನೂರ ಎಂಬತ್ತೆರಡು, ಫೆಬ್ರವರಿ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಒಮಾನಿನ ಮಸ್ಕತಿನಲ್ಲಿ, ದಾರ್ಸೈಟಿನ ನಮ್ಮ ಬಾಡಿಗೆ ಮನೆಯಲ್ಲಿ ಹಾಜರಿದ್ದವರು ನಾಲ್ವರು. ಅಡುಗೆಮನೆಯಲ್ಲಿ ಮಮ್ಮಿ, ಒಳಕೋಣೆಯಲ್ಲಿ ಊಟ ಮುಗಿಸಿ ಅಡ್ಡಾದ ಪಪ್ಪ, ಊಟದ ಮೇಜಿನ ಬಳಿ ಪುಸ್ತಕಗಳಿಗೆ ಕಂದು ಕಾಗದ ಹಾಕುತ್ತಿದ್ದ ಹತ್ತು ವರ್ಷದ ನಾನು, ಅದೇ ಮೇಜಿನ ಅಡಿಯಲ್ಲಿ ಆಟದ ಲಾರಿ ಓಡಿಸುತ್ತಿದ್ದ ಆರು ವರ್ಷದ ತಮ್ಮ ರೋನಿ. ಅಂದು ಸಂಜೆ ಏಳಕ್ಕೆ ಪಪ್ಪನ ವಾದ್ಯವೃಂದದ ಕೊನೆಯ ಕಾರ್ಯಕ್ರಮ ಟಿವಿಯಲ್ಲಿ ಬರಲಿತ್ತು. ಮೂರು ತಿಂಗಳಿಂದ ಪ್ರತಿ ಗುರುವಾರ ಬರುತ್ತಿದ್ದ ಆ ಕಾರ್ಯಕ್ರಮವನ್ನು ಮಮ್ಮಿ ಒಮ್ಮೆಯೂ ನೋಡಿರಲಿಲ್ಲ. ಅಂದು ನೋಡದಿದ್ದರೆ ಇನ್ನು ನೋಡಲು ಸಿಗುವಂತಿರಲಿಲ್ಲ. ಇದು ನಾಲ್ವರಿಗೂ ಗೊತ್ತಿತ್ತು, ರೋನಿಗೂ. ಬೆಳಗಿನಿಂದ ಯಾರೂ ಆ ಮಾತು ಎತ್ತಿರಲಿಲ್ಲ.

ನೋಡದಿರಲು ಕಾರಣ ನಮ್ಮ ಮನೆಯ ಗಡಿಯಾರ. ನಮ್ಮಲ್ಲಿ ಐದೂವರೆಗೆ ಏಳುವುದು, ಆರೂವರೆಗೆ ತಿಂಡಿ, ಸಂಜೆ ಐದಕ್ಕೆ ಸ್ನಾನ, ಏಳಕ್ಕೆ ತೇರ್ಸ್, ಎಂಟಕ್ಕೆ ಊಟ. ತೇರ್ಸ್ ಎಂದರೆ ಕೊಂಕಣಿ ಕ್ರೈಸ್ತರ ಮನೆಗಳ ಸಂಜೆಯ ಜಪಮಾಲೆ. ಮಂಗಳೂರಿನ ಕಡೆ ಎಲ್ಲ ಮನೆಗಳಲ್ಲೂ ಅದು ನಡೆಯುತ್ತದೆ, ಆದರೆ ಅಲ್ಲಿ ಮಳೆ ಬಂದರೆ, ನೆಂಟರು ಬಂದರೆ ಅರ್ಧ ಗಂಟೆ ಆಚೀಚೆ ಆಗುತ್ತದೆ. ನಮ್ಮಲ್ಲಿ ಆಗುತ್ತಿರಲಿಲ್ಲ. ರೋನಿ ದಿನ ತುಂಬುವ ಮೊದಲೇ ಹುಟ್ಟಿದವ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅವನು ಮಲಗಿದ್ದಾಗ ಮಮ್ಮಿ ಹರಕೆ ಹೊತ್ತಿದ್ದಳು: ಮಗು ಬದುಕಿದರೆ ಅವನ ಮೊದಲ ಪರಮಪ್ರಸಾದದ ದಿನದವರೆಗೆ, ಅಂದರೆ ಏಳೆಂಟು ವರ್ಷ, ಸಂಜೆ ಏಳಕ್ಕೆ ಸರಿಯಾಗಿ, ಮನೆಯವರೆಲ್ಲ ಮೊಣಕಾಲೂರಿ ತೇರ್ಸ್ ಹೇಳುವುದು. ಮಗು ಬದುಕಿತು. ಒಮ್ಮೆ ಮಾತ್ರ ಹೊತ್ತು ತಪ್ಪಿತ್ತು. ದೂರದ ಸೀಬ್ ಊರಿನಲ್ಲಿ ಪರಿಚಯದವರ ಮನೆಗೆ ಹೋಗಿ ಬರುವಾಗ ಟ್ಯಾಕ್ಸಿ ದಾರಿಯಲ್ಲಿ ಕೆಟ್ಟು ನಿಂತು, ಮನೆ ಸೇರುವಾಗ ಎಂಟು ದಾಟಿತ್ತು. ಆ ದಿನವೇ ರೋನಿಗೆ ಉಬ್ಬಸ ಏರಿ ತುಟಿ ನೀಲಿಯಾಯಿತು. ಅದು ರಸ್ತೆಯ ಧೂಳಿನಿಂದ ಎಂದು ಡಾಕ್ಟರು ಹೇಳಿದರು. ಮಮ್ಮಿ ಅವರ ಎದುರು ತಲೆಯಾಡಿಸಿದಳು. ಆಮೇಲೆ ನಮ್ಮ ಮನೆಯಲ್ಲಿ ಏಳು ಗಂಟೆ ಎಂದರೆ ಏಳೇ ಗಂಟೆ. ನಾನು ಮುಂದೆ ಮೂವತ್ತು ವರ್ಷ ಒಂದು ಶಾಲೆಯ ವೇಳಾಪಟ್ಟಿ ನಡೆಸಿದವಳು. ಗಂಟೆ ಹೊಡೆದ ಮೇಲೆ ಗೇಟು ತೆರೆಯದ ಟೀಚರು ಎಂದು ಹೆಸರು ಮಾಡಿದ್ದೆ. ಆ ಹೆಸರಿನ ಬೇರು ಇಲ್ಲಿದೆ. ಹೊತ್ತು ತಪ್ಪಿದರೆ ಯಾರಿಗೋ ಉಸಿರು ನಿಲ್ಲುತ್ತದೆ ಎಂದೇ ನಾನು ಬೆಳೆದದ್ದು.

ಪಪ್ಪನ ಹೆಸರು ಲಿಗೋರಿ. ಹಗಲು ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಸ್ಟೋರ್ ಕೀಪರ್, ವಾರಕ್ಕೆ ಎರಡು ರಾತ್ರಿ ಊಟವಾದ ಮೇಲೆ ಒಂದು ಹೋಟೆಲಿನಲ್ಲಿ ಅಕಾರ್ಡಿಯನ್. ಊರಿನ ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನಲ್ಲಿ ಕೈಕಲಿತು, ಬೊಂಬಾಯಿಯಲ್ಲಿ ದೊಡ್ಡ ವಾದ್ಯವೃಂದಗಳ ಹಿಂದಿನ ಸಾಲಿನಲ್ಲಿ ನುಡಿಸಿ, ಕೊನೆಗೆ ಮದುವೆಗಾಗಿ ಆಫೀಸು ಸೇರಿದವ. ಬಾಜಾದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಮಮ್ಮಿಯ ತಂದೆ ಹಟ ಹಿಡಿದಿದ್ದರಂತೆ. ಆಫೀಸಿನ ಕೆಲಸ ತೋರಿಸಿದ ಮೇಲೆಯೇ ಮದುವೆ. ಆದ್ದರಿಂದ ಮಮ್ಮಿ ಪಪ್ಪನನ್ನು ವೇದಿಕೆಯ ಮೇಲೆ ಕಂಡವಳೇ ಅಲ್ಲ. ತವರಿನಲ್ಲಿದ್ದಾಗ ಡ್ಯಾನ್ಸಿಗೆ ಬಿಡುತ್ತಿರಲಿಲ್ಲ, ಮಸ್ಕತಿನ ಹೋಟೆಲಿನಲ್ಲಿ ನುಡಿಸುವವರ ಹೆಂಡತಿಯರಿಗೆ ಕುರ್ಚಿ ಇರಲಿಲ್ಲ. ಮನೆಯಲ್ಲಿ ಅವಳು ಕಂಡದ್ದು ಲುಂಗಿಯುಟ್ಟು, ಒಂದೇ ಸಾಲನ್ನು ಹತ್ತು ಬಾರಿ ತುಂಡು ತುಂಡಾಗಿ ನುಡಿಸಿ, ನಡುವೆ ನಿಲ್ಲಿಸಿ ಚಾ ಕೇಳುವ ಪಪ್ಪನನ್ನು. ಪಪ್ಪ ಹಾಡು ಕಟ್ಟುತ್ತಿದ್ದದ್ದೂ ಊಟದ ಮೇಜಿನಲ್ಲೇ. ಮೀನು ಕೊಳ್ಳುವಾಗಿನ ಚೌಕಾಸಿ, ಹಡಗಿನಲ್ಲಿ ಅನ್ನ ಸೀಯಿಸಿದ ಬಟ್ಲರ್, ಮದುಮಗಳ ಹಲ್ಲುನೋವು, ಇಂಥವೇ. ಮಮ್ಮಿ ಮೀನು ಕುಯ್ಯುತ್ತಲೇ ತಿದ್ದುತ್ತಿದ್ದಳು.

"ನಮ್ಮ ಕಡೆ ಹಾಗೆ ಯಾರೂ ಹೇಳುದಿಲ್ಲ. ಬೇರೆ ಹಾಕಿ."

"ಬೇರೆ ಹಾಕಿದ್ರೆ ತಾಳ ತಪ್ತದೆ ಸಿಸಿಲಿ."

"ತಾಳ ನಿಮ್ಮ ಪೆಟ್ಟಿಗೆಗೆ. ಮಾತು ಜನರಿಗೆ."

ಪೆಟ್ಟಿಗೆ ಎಂದರೆ ಅಕಾರ್ಡಿಯನ್. ಪಪ್ಪ ಗೊಣಗಿ ಪದ ಬದಲಿಸುತ್ತಿದ್ದ. ಈ ಹಾಡುಗಳನ್ನು ಪಕ್ಕದ ರೂವಿಯ ಮದುವೆ ಮನೆಗಳಲ್ಲಿ ಬೇರೆಯವರು ಹಾಡುತ್ತಿದ್ದರು, ಕಟ್ಟಿದವರು ಯಾರು ಎಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಪಪ್ಪನ ಸ್ವಂತ ಕಂಠ ತೆಂಗಿನಗರಿ ಎಳೆದ ಹಾಗೆ. ಅವನು ಬಾಯಿ ಬಿಟ್ಟು ಹಾಡಿದ್ದನ್ನು ನಾವು ಕೇಳಿರಲಿಲ್ಲ.

ಟಿವಿಯಿಂದ ಕರೆ ಬಂದದ್ದು ಹೋಟೆಲಿನಲ್ಲಿ ಪಪ್ಪ ನುಡಿಸಿದ್ದನ್ನು ಕೇಳಿದ್ದ ಸಲೀಂ ಎಂಬ ಒಮಾನಿ ಯುವಕನಿಂದ. ಅವನು ಸ್ಟುಡಿಯೋದಲ್ಲಿ ಸಂಗೀತದ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ. ವಾರಕ್ಕೆ ಕಾಲು ಗಂಟೆ, ಐದು ಜನರ ವಾದ್ಯವೃಂದ, ಪಪ್ಪ ಅದರ ಮಾಸ್ಟರ್. ಪಪ್ಪನದೇ ಹಾಡುಗಳು, ಆದರೆ ಮಾತಿಲ್ಲದೆ, ಬರೇ ಸ್ವರ. ಕೊಂಕಣಿ ಅಲ್ಲಿ ಯಾರಿಗೆ ಅರ್ಥವಾಗಬೇಕು. ಮಂಗಳವಾರ ರೆಕಾರ್ಡಿಂಗ್, ಗುರುವಾರ ಪ್ರಸಾರ. ಹೊತ್ತು ಕೇಳಿಕೊಂಡು ಬಂದ ದಿನ ಪಪ್ಪ ಬಾಗಿಲಲ್ಲೇ ನಿಂತು, ಬೂಟು ಬಿಚ್ಚದೆ, "ಏಳರಿಂದ ಏಳೂಕಾಲು" ಎಂದ. ಮಮ್ಮಿ ಕೈ ಒರೆಸಿಕೊಳ್ಳುತ್ತಿದ್ದವಳು ಒರೆಸಿಕೊಳ್ಳುತ್ತಲೇ ಇದ್ದಳು. ಆಗ ನಮ್ಮ ಕಟ್ಟಡದಲ್ಲಿ ಯಾರ ಮನೆಗೂ ವಿಸಿಆರ್ ಬಂದಿರಲಿಲ್ಲ. ಪಪ್ಪ ರೂವಿಯ ಪಾದ್ರಿಗಳನ್ನು ಹೋಗಿ ಕೇಳಿದ್ದ, ಅದು ನಮಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಹರಕೆಯ ಹೊತ್ತನ್ನು ಬದಲಿಸಿಕೊಡಬಹುದು, ಆದರೆ ಹರಕೆ ಹೊತ್ತವರೇ ಬಂದು ಕೇಳಬೇಕು ಎಂದರಂತೆ ಅವರು. ಪಪ್ಪ ಮನೆಗೆ ಬಂದು ಅದನ್ನು ಹೇಳಲಿಲ್ಲ. ಹೇಳುವುದೆಂದರೆ, ನನ್ನ ಕಾಲು ಗಂಟೆಗಾಗಿ ಮಗುವನ್ನು ಪಣಕ್ಕಿಡು ಎಂದಂತೆ. ಮಮ್ಮಿ ತಾನಾಗಿ ಹೋಗಲಿಲ್ಲ. ಒಬ್ಬರಿಗೊಬ್ಬರು ಅಡ್ಡಬಂದವರಲ್ಲ, ಜಗಳ ಮಾಡಿದವರೂ ಅಲ್ಲ. ಹಗ್ಗದ ಎರಡು ತುದಿಗಳನ್ನು ಹಿಡಿದುಕೊಂಡು ಎಳೆಯದೆ ನಿಂತಿದ್ದರು.

ಮನೆಯ ಹಾಲಿನಲ್ಲಿ ಬಿಸಿಲು ತಾಗದ ಗೋಡೆ ಒಂದೇ. ಅಲ್ಲಿ ಮೇಲೆ ಅಲ್ತಾರ್, ಅಂದರೆ ದೇವರ ಪೀಠ, ಕೆಳಗೆ ಟಿವಿ. ತೇರ್ಸಿನ ಹೊತ್ತಿಗೆ ಟಿವಿಗೆ ಮಮ್ಮಿ ಹೆಣೆದ ಕ್ರೋಶಾ ಬಟ್ಟೆಯ ಮುಸುಕು. ಗೋಡೆಯ ಆಚೆ ಉಡುಪಿ ಕಡೆಯ ಸುಂದರಣ್ಣ ಮತ್ತು ವಾರಿಜಕ್ಕನ ಮನೆ. ಅವರ ಟಿವಿ ಅದೇ ಗೋಡೆಗೆ ಬೆನ್ನು ಕೊಟ್ಟಿತ್ತು, ಆಂಟೆನಾದ ವೈರು ಎರಡು ಮನೆಗೂ ಒಂದೇ ತೂತಿನಿಂದ ಬರುತ್ತಿತ್ತು. ಮೊದಲ ಗುರುವಾರ ನಾವು ನಾಲ್ವರು ಮುಸುಕು ಹಾಕಿದ ಟಿವಿಯ ಎದುರು ಮೊಣಕಾಲೂರಿ ಎರಡನೆಯ ನಮೋ ಮರಿಯ ಹೇಳುವಷ್ಟರಲ್ಲಿ ಆಚೆಯಿಂದ ಅಕಾರ್ಡಿಯನ್ ಎದ್ದಿತು. ಪಪ್ಪ ನನ್ನ ಪಕ್ಕದಲ್ಲೇ ಇದ್ದ, ಜಪಮಾಲೆ ಹಿಡಿದು. ಪಪ್ಪ ಗೋಡೆಯಾಚೆಯೂ ಇದ್ದ. ಅವನ ಕುತ್ತಿಗೆ ಕೆಂಪಾಯಿತು. ರೋನಿ ಬಾಯಿ ತೆರೆದು ನನ್ನನ್ನು ನೋಡಿದ, ನಾನು ಕಣ್ಣಿನಲ್ಲೇ ಗದರಿದೆ. ಮಮ್ಮಿಯ ಧ್ವನಿ ಮಾತ್ರ ತಪ್ಪಲಿಲ್ಲ. ಆದರೆ ಮುಂದಿನ ವಾರಗಳಲ್ಲಿ ಒಂದನ್ನು ಗಮನಿಸಿದೆ. ಬೇರೆ ದಿನಗಳಲ್ಲಿ ಅವಳ ತೇರ್ಸ್ ಬಸ್ಸು ಹಿಡಿಯುವವರ ಓಟ. ಗುರುವಾರ ಅದು ನಿಧಾನವಾಗುತ್ತಿತ್ತು, ಧ್ವನಿ ತಗ್ಗುತ್ತಿತ್ತು, ಒಂದು ರಹಸ್ಯಕ್ಕೂ, ಅಂದರೆ ಹತ್ತು ಮಣಿಗಳ ಒಂದು ಸುತ್ತಿಗೂ, ಇನ್ನೊಂದಕ್ಕೂ ನಡುವೆ ಅವಳು ಉದ್ದನೆಯ ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಖಾಲಿ ಜಾಗದಲ್ಲಿ ಗೋಡೆಯಿಂದ ಸ್ವರ ಬಂದು ತುಂಬುತ್ತಿತ್ತು. ಒಂದು ಗುರುವಾರ ಊಟಕ್ಕೆ ಕೂತಾಗ ಅವಳು ಸಾರು ಬಡಿಸುತ್ತ ಹೇಳಿದಳು:

"ಆ ಡ್ರಮ್ಮಿನವನಿಗೆ ಎಂತ ಅವಸರ? ಮೂರನೇ ಹಾಡಲ್ಲಿ ಮುಂದೆ ಓಡಿದ."

ಪಪ್ಪನ ಕೈ ಬಟ್ಟಲಿನಲ್ಲೇ ನಿಂತಿತು. "ಓಡಿದ" ಎಂದ. "ಅವ ಯಾವಾಗ್ಲೂ ಓಡುದೇ." ಅಷ್ಟೇ. ಆದರೆ ಆ ದಿನದಿಂದ ಪಪ್ಪ ಮಂಗಳವಾರ ಸ್ಟುಡಿಯೋಗೆ ಹೊರಡುವಾಗ ಕನ್ನಡಿಯ ಎದುರು ಹೆಚ್ಚು ಹೊತ್ತು ನಿಲ್ಲುತ್ತಿದ್ದ.

ಕೊನೆಯ ಗುರುವಾರಕ್ಕೆ ಬರುತ್ತೇನೆ. ಮೂರು ಗಂಟೆಗೆ ಬಾಗಿಲು ತಟ್ಟಿದವಳು ವಾರಿಜಕ್ಕ. ಕೈಯಲ್ಲಿ ಮಜ್ಜಿಗೆ ಮೆಣಸಿನ ಡಬ್ಬಿ. ಕೂರುವುದಿಲ್ಲ ಎನ್ನುತ್ತಲೇ ಕೂತಳು.

"ಬಾಯಿ, ಇವತ್ತು ಪೊರ್ಬುಗಳದ್ದು ಕೊನೆಯದಂತಲ್ಲ? ಇವ್ರು ಹೇಳಿದ್ರು." ನಮ್ಮೂರ ಕಡೆ ಕ್ರೈಸ್ತ ಹೆಂಗಸರನ್ನು ಬಾಯಿ, ಗಂಡಸರನ್ನು ಪೊರ್ಬು ಎಂದೇ ಗೌರವದಿಂದ ಕರೆಯುವುದು. "ಎಲ್ರೂ ನಮ್ಮಲ್ಲಿಗೆ ಬನ್ನಿ, ಒಟ್ಟಿಗೆ ಕೂತು ನೋಡುವಾ. ಗೋಳಿಬಜೆ ಮಾಡ್ತೇನೆ."

"ಇಲ್ಲ ವಾರಿಜಕ್ಕ. ಏಳಕ್ಕೆ ನಮ್ಮ ತೇರ್ಸ್ ಉಂಟಲ್ಲ."

"ಏಳಕ್ಕಾ? ಎಂಟಕ್ಕಲ್ವಾ?"

"ಏಳಕ್ಕೇ."

ವಾರಿಜಕ್ಕ ಕೆನ್ನೆಗೆ ಕೈ ಕೊಟ್ಟಳು. "ಅಯ್ಯಯ್ಯೋ ದೇವರೇ! ಅಷ್ಟು ಹೊತ್ತಿಗೇ ಅಲ್ವಾ ನಮ್ಮ ಟಿವಿ ಬೊಬ್ಬೆ ಹಾಕುದು! ನೀವೂ ಹಾಕಿ ನೋಡ್ತಿದ್ದೀರಿ ಅಂತ ನಾವು ಗ್ರಹಿಸಿದ್ದು ಮಾರಾಯ್ರೆ. ಇಷ್ಟು ದಿನ ದೇವರ ಹೊತ್ತಿಗೆ ನಾವು ಗೌಜಿ ಮಾಡಿದ ಹಾಗಾಯ್ತಲ್ಲ!"

"ಇಲ್ಲ ಇಲ್ಲ, ಪರವಾಗಿಲ್ಲ."

"ಪರವಾಗಿಲ್ಲ ಅಂತ ನೀವು ಹೇಳ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ವಾ?"

"ನಿಜವಾಗಿ ಪರವಾಗಿಲ್ಲ ವಾರಿಜಕ್ಕ. ಶಬ್ದ ಬಂದ್ರೆ ನಮಗೆ ಎಂತದೂ ಆಗುದಿಲ್ಲ."

ಮಮ್ಮಿ ಅದಕ್ಕಿಂತ ಹೆಚ್ಚು ಹೇಳಲಾರದವಳು. ಜಪದ ಹೊತ್ತಿನಲ್ಲಿ ನಾನು ಗೋಡೆಗೆ ಕಿವಿ ಕೊಡುತ್ತೇನೆ ಎಂದು ಪಕ್ಕದ ಮನೆಯವರಿಗೆ ಹೇಗೆ ಹೇಳುವುದು? ಮಕ್ಕಳ ಎದುರು? ಒಳಕೋಣೆಯಲ್ಲಿ ಗಂಡ ಎಚ್ಚರ ಇದ್ದಾನೋ ಇಲ್ಲವೋ ಗೊತ್ತಿಲ್ಲದಾಗ? ಅವಳು ಡಬ್ಬಿಯನ್ನು ಖಾಲಿ ಮಾಡಿ, ಖಾಲಿ ಡಬ್ಬಿ ಕೊಡಬಾರದೆಂದು ಅದರಲ್ಲಿ ಖರ್ಜೂರ ತುಂಬಿ ಕೊಟ್ಟು ಕಳಿಸಿದಳು. ವಾರಿಜಕ್ಕ ಹೋದಮೇಲೆ ಮುಚ್ಚಿದ ಬಾಗಿಲಿನ ಹಿಡಿಯ ಮೇಲೆ ಅವಳ ಕೈ ಸ್ವಲ್ಪ ಹೊತ್ತು ಇತ್ತು. ಮತ್ತೆ ತೆರೆದು ಕೂಗುತ್ತಾಳೆ ಎಂದುಕೊಂಡೆ. ಕೂಗಲಿಲ್ಲ. "ಲೀನಾ, ರೋನಿಯನ್ನು ಸ್ನಾನಕ್ಕೆ ಹೊರಡಿಸು" ಎಂದಳು. ಗಂಟೆ ಐದಾಗಲು ಇನ್ನೂ ಬೇಕಾದಷ್ಟಿತ್ತು.

ಆರೂ ಮುಕ್ಕಾಲಿಗೆ ಪಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದ. ತೇರ್ಸಿಗೆ ಅವನು ಬನಿಯನ್ನಿನಲ್ಲೇ ಕೂರುವವ. ಮಮ್ಮಿ ಅದನ್ನು ನೋಡಿದಳು. ಪಪ್ಪ ಅಂದು ನಿಂತಲ್ಲಿ ನಿಲ್ಲಲಾರದವನಂತೆ ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದ. ಏಳಕ್ಕೆ ಮಮ್ಮಿ ಮೇಣದ ಬತ್ತಿ ಹಚ್ಚಿ, ಟಿವಿಗೆ ಬಟ್ಟೆ ಎಳೆದು, ಶಿಲುಬೆಯ ಗುರುತು ಮಾಡಿದಳು. ನಾವು ಮೊಣಕಾಲೂರಿದೆವು. ಮೊದಲ ನಮೋ ಮರಿಯ, ಎರಡನೆಯದು, ಮೂರನೆಯದು. ಗೋಡೆಯ ಕಡೆಯಿಂದ ಏನೂ ಇಲ್ಲ. ಮಮ್ಮಿ ನಿಧಾನ ಮಾಡಿದಳು. ಧ್ವನಿ ಎಷ್ಟು ತಗ್ಗಿತೆಂದರೆ ಮೇಣದ ಬತ್ತಿ ಸಿಡಿದದ್ದು ಕೇಳಿಸಿತು. ಗೋಡೆಯಾಚೆ ಯಾರೋ ಸ್ಟೂಲು ಎಳೆದರು, ಯಾರೋ ಮೆಲ್ಲಗೆ "ಶ್ಶ್" ಎಂದರು. ಆಗ ನನಗೆ ಖಚಿತವಾಯಿತು. ಅವರು ನೋಡುತ್ತಿದ್ದಾರೆ, ನಮ್ಮ ದೇವರಿಗೆ ತೊಂದರೆಯಾಗಬಾರದೆಂದು ಶಬ್ದ ತೆಗೆದು ನೋಡುತ್ತಿದ್ದಾರೆ. ಪಪ್ಪ ನೆಲ ನೋಡುತ್ತಿದ್ದವ ತಲೆ ಎತ್ತಿ ಗೋಡೆಯನ್ನು ನೋಡಿದ, ಆಮೇಲೆ ಮಮ್ಮಿಯನ್ನು. ಅವನ ಬಾಯಿ ಪ್ರಾರ್ಥನೆಯನ್ನು ಬಿಟ್ಟಿತ್ತು. ಎದ್ದು ಮೂರು ಹೆಜ್ಜೆ ಹೋಗಿ ಆ ಬಟ್ಟೆ ಸರಿಸಿ ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಅಷ್ಟು ಹತ್ತಿರ. ನಾನು ಒತ್ತಬಹುದಿತ್ತು, ರೋನಿ ಒತ್ತಬಹುದಿತ್ತು. ಯಾರಿಂದ ಆದೀತು? ರೋನಿ ಮಧ್ಯದಲ್ಲಿ ಕೆಮ್ಮಿದ, ಬರೇ ಗಂಟಲು ಕೆರೆತದ ಕೆಮ್ಮು. ಮಮ್ಮಿಯ ಕೈ ತಾನಾಗಿ ಅವನ ಬೆನ್ನಿನ ಮೇಲೆ ಹೋಯಿತು. ಅದು ಅಲ್ಲಿಂದ ಏಳಲಿಲ್ಲ. ಮೂರನೆಯ ರಹಸ್ಯಕ್ಕೆ ಮೊದಲು ಅವಳು ಉಸಿರು ಎಳೆದುಕೊಂಡು ಕಾದಳು. ಎಂದಿಗಿಂತ ಉದ್ದವಾಗಿ ಕಾದಳು. ಖಾಲಿ ಜಾಗ ಖಾಲಿಯೇ ಉಳಿಯಿತು. ಆಮೇಲೆ ಅವಳ ತೇರ್ಸ್ ಬೇರೆ ದಿನಗಳ ವೇಗಕ್ಕೆ ಮರಳಿತು. ಸಂತರ ಹೆಸರುಗಳ ಉದ್ದನೆಯ ಮಾಲೆ ಮುಗಿಸಿ ಎದ್ದಾಗ ಏಳೂ ಇಪ್ಪತ್ತೈದು. ರೋನಿ ಮತ್ತು ನಾನು ಎಂದಿನಂತೆ ಕೈಮುಗಿದು ಬೆಸಾಂವ್ ಬೇಡಿದೆವು. ಪಪ್ಪ ನಮ್ಮ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದು ಆಶೀರ್ವಾದ ಕೊಟ್ಟ. ಬೆರಳು ತಣ್ಣಗಿತ್ತು.

ಅಷ್ಟರಲ್ಲಿ ವಾರಿಜಕ್ಕ ಗೋಳಿಬಜೆಯ ತಟ್ಟೆ ಹಿಡಿದು ನುಗ್ಗಿದಳು, ಹಿಂದೆ ಸುಂದರಣ್ಣ.

"ಇವತ್ತು ಒಂದು ಚೂರೂ ಶಬ್ದ ಬರ್ಲಿಲ್ಲ ಅಲ್ವಾ ಬಾಯಿ? ಪೂರಾ ಸೌಂಡ್ ತೆಗೆದೆವು. ಇವ್ರು ನಗಾಡಿದ್ರೂ ನಾನು ಬಿಡ್ಲಿಲ್ಲ."

"ಇಲ್ಲ, ಬರ್ಲಿಲ್ಲ" ಎಂದಳು ಮಮ್ಮಿ. "ತುಂಬಾ ಉಪಕಾರ."

"ಆದ್ರೆ ನೋಡಿದೆವು ಮಾರಾಯ್ರೆ! ಪೊರ್ಬುಳೇ, ಎಂತ ಚಂದ ಕಂಡಿರಿ ನೀವು! ನೀಲಿ ಅಂಗಿ, ತಲೆ ಬಾಚಿದ್ದು ಬೇರೆ ಥರ."

"ನೀಲಿಯಾ?" ಮಮ್ಮಿ ಕೇಳಿದಳು. "ಉದ್ದ ತೋಳಿಂದಾ?"

"ಉದ್ದ ತೋಳಿಂದೇ. ಮಡಚಿದ್ದು."

"ನುಡಿಸುವಾಗ ಕಣ್ಣು ಮುಚ್ತಾರಾ?"

"ಒಂದೊಂದು ಸಲ. ತಲೆ ಹೀಗೆ ಓರೆ ಮಾಡಿ." ವಾರಿಜಕ್ಕ ಮಾಡಿ ತೋರಿಸಿದಳು. "ಮತ್ತೆ ಹುಬ್ಬು ಹಾರಿಸಿದ್ರೆ ಸಾಕು, ಉಳಿದವರೆಲ್ಲ ಒಟ್ಟಿಗೆ ಶುರು. ಹುಬ್ಬಲ್ಲೇ ಆಡಿಸುದು!"

ಮಮ್ಮಿ ಕುರ್ಚಿಯ ತುದಿಗೆ ಕೂತು ಒಂದೊಂದಾಗಿ ಕೇಳುತ್ತ ಹೋದಳು. ನಿಂತಿದ್ದರೋ ಕೂತಿದ್ದರೋ, ಕಾಲಲ್ಲಿ ತಾಳ ಹಾಕುತ್ತಾರೋ, ಕೊನೆಗೆ ಕೈಮುಗಿದರೋ. ಪಪ್ಪ ಅಲ್ಲೇ ನಿಂತಿದ್ದ, ಯಾರೋ ಮೂರನೆಯವನ ಸುದ್ದಿ ಕೇಳುವವನಂತೆ. ಸುಂದರಣ್ಣನಿಗೆ ಏನೋ ನೆನಪಾಯಿತು.

"ಕಡೆಗೆ ಹಾಡಿದ್ರಲ್ಲ ನೀವು! ಅದೆಂತ ಹಾಡು ಪೊರ್ಬುಳೇ?"

"ಹೌದಪ್ಪ!" ಎಂದಳು ವಾರಿಜಕ್ಕ. "ಬಾಯಿ ಬಿಟ್ಟು ಹಾಡಿದ್ರು. ಸೀದಾ ನಮ್ಮನ್ನೇ ನೋಡಿಕೊಂಡು. ಎಂತ ಅಂತ ಮಾತ್ರ ಗೊತ್ತಾಗ್ಲಿಲ್ಲ, ಸೌಂಡ್ ಇಲ್ಲ ಅಲ್ವಾ."

ಮಮ್ಮಿ ಪಪ್ಪನ ಕಡೆ ತಿರುಗಿದಳು. ರೋನಿ ಗೋಳಿಬಜೆ ತೆಗೆದುಕೊಂಡು ಬಿಸಿಗೆ ಕೈ ಬದಲಿಸುತ್ತಿದ್ದ. ವಾರಿಜಕ್ಕ ಎಲ್ಲರ ಮುಖ ನೋಡಿದಳು, ಏನೋ ತಪ್ಪಿದೆ ಎಂದು ಅವಳಿಗೆ ಹೊಳೆದಿರಬೇಕು, ಏನೆಂದು ಹೊಳೆದಿರಲಾರದು. ಒಲೆಯ ಮೇಲೆ ಎಣ್ಣೆ ಇದೆ ಎಂದು ಗಂಡನನ್ನು ಕರೆದುಕೊಂಡು ಹೋದಳು.

"ನೀವು ಹಾಡಿದ್ದಾ?" ಎಂದಳು ಮಮ್ಮಿ.

"ಸಲೀಂನನ್ನು ಕೇಳಿದೆ. 'ಆಖ್ರಿ ದಿನ್ ಹೈ ಮಾಸ್ಟರ್, ಗಾವೋ, ಖಲಾಸ್' ಅಂದ. ಕೊನೆಯ ದಿನ ಅಲ್ವಾ, ಹಾಡಿ ಮುಗಿಸು ಅಂತ."

"ನನಗೆ ಹೇಳಲಿಲ್ಲ."

"ನಿನಗೆ ಕೇಳ್ತದೆ ಅಂತ ಗೊತ್ತಿತ್ತಲ್ಲ."

ಮಮ್ಮಿ ಗೋಡೆಗೆ ಕಿವಿ ಕೊಡುವ ವಿಷಯವನ್ನು ಅವರಿಬ್ಬರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸ್ಟುಡಿಯೋದಲ್ಲಿ ಆ ಟೇಪು ಉಳಿದಿರುತ್ತದೆಯೇ ಎಂದು ನಾನು ಕೇಳಿದೆ. ಉಳಿಯುವುದಿಲ್ಲ, ಅದರ ಮೇಲೇ ಮುಂದಿನದು ತೆಗೆಯುತ್ತಾರೆ, ಎಲ್ಲ ಕಡೆಯೂ ಹಾಗೇ ಎಂದ ಪಪ್ಪ. ಮಮ್ಮಿ ಎದ್ದು ಒಳಕೋಣೆಗೆ ಹೋಗಿ ಅಕಾರ್ಡಿಯನ್ನನ್ನು ತಾನೇ ಎತ್ತಿ ತಂದಳು. ಅವಳು ಅದನ್ನು ಎತ್ತಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಭಾರಕ್ಕೆ ಒಂದು ಕಡೆ ವಾಲಿಕೊಂಡು ಬಂದು ಪಪ್ಪನ ಮಡಿಲಲ್ಲಿ ಇಟ್ಟಳು.

"ಈಗ ಹಾಡಿ. ಊಟಕ್ಕೆ ಇನ್ನೂ ಹೊತ್ತುಂಟು."

ಪಪ್ಪ ಪಟ್ಟಿಗಳನ್ನು ಹೆಗಲಿಗೆ ಏರಿಸಿದ. ಮಮ್ಮಿ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು, ಇಗರ್ಜಿಯಲ್ಲಿ ಕೂರುವಂತೆ. ಸ್ವರ ಶುರುವಾಯಿತು. ನಮಗೆ ಗೊತ್ತಿಲ್ಲದ ಸ್ವರ, ನಿಧಾನದ್ದು, ಪಪ್ಪನ ತಮಾಷೆ ಹಾಡುಗಳ ಥರದ್ದಲ್ಲ. ಮಾತು ಬರಬೇಕಾದ ಜಾಗ ಬಂತು. ಪಪ್ಪ ಬಾಯಿ ತೆರೆದ. ಬೆರಳು ಮುಂದೆ ಹೋಯಿತು, ಮಾತು ಬರಲಿಲ್ಲ. ನಿಲ್ಲಿಸಿ ಮತ್ತೆ ಮೊದಲಿನಿಂದ ತೆಗೆದ. ಅದೇ ಜಾಗ. ಮೂರನೆಯ ಸಲ ಗಂಟಲಿನಿಂದ ಒಂದು ಶಬ್ದ ಹೊರಟು ಅರ್ಧದಲ್ಲಿ ಮುರಿಯಿತು. ಅವನು ಗಾಳಿಪೆಟ್ಟಿಗೆಯನ್ನು ಮುಚ್ಚಿ ಅದರ ಮೇಲೆ ಮೊಣಕೈ ಇಟ್ಟ.

"ಆಗುದಿಲ್ಲ ಸಿಸಿಲಿ."

"ಅಲ್ಲಿ ಆಯ್ತಲ್ಲ?"

"ಅಲ್ಲಿ ಕ್ಯಾಮೆರಾ. ಅದನ್ನು ನೀನು ಅಂತ ಗ್ರಹಿಸಿ ಹಾಡಿದ್ದು. ಇಲ್ಲಿ ನೀನೇ ಕೂತಿದ್ದಿ."

ಮಮ್ಮಿ ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತಳು. "ಈಗ?"

ಪಪ್ಪ ನಕ್ಕ. ನಗುತ್ತ ತಲೆಯಾಡಿಸಿದ. ಆಮೇಲೆ ನಗು ನಿಂತಿತು, ತಲೆ ಆಡುತ್ತಲೇ ಇತ್ತು. ಮಾತುಗಳನ್ನಾದರೂ ಬಾಯಲ್ಲಿ ಹೇಳಿ ಎಂದಳು ಮಮ್ಮಿ, ಬೆನ್ನು ಹಾಕಿಯೇ. ಹೇಳಿದರೆ ಅದು ಹಾಡಾಗುವುದಿಲ್ಲ ಎಂದ ಪಪ್ಪ. ಹಿಂದೆ ನೂರು ಸಲ ಅವನ ಪದಗಳನ್ನು ತಿದ್ದಿದ್ದವಳು ಆ ಮಾತಿಗೆ ಎದುರು ಹೇಳಲಿಲ್ಲ. ಎಂಟು ಗಂಟೆಯಾಗಿತ್ತು. ಊಟಕ್ಕೆ ಕೂತೆವು. ರೋನಿ ಎರಡು ಸಲ ಅನ್ನ ಹಾಕಿಸಿಕೊಂಡ. ಆ ಹಾಡನ್ನು ಪಪ್ಪ ಮುಂದೆ ಯಾವ ಮದುವೆಗೂ ಕೊಡಲಿಲ್ಲ. ಅದರಲ್ಲಿ ಏನಿತ್ತೆಂದು ಮಮ್ಮಿಗೆ ತಿಳಿಯಲಿಲ್ಲ, ನನಗೂ ತಿಳಿಯದು.

ಪಾತ್ರೆ ತೊಳೆದು, ಒಲೆ ಒರೆಸಿ, ಮಮ್ಮಿ ಒಗೆಯುವ ಬಟ್ಟೆಯ ಬುಟ್ಟಿಯನ್ನು ನೆಲಕ್ಕೆ ಸುರಿದಳು. ನಮ್ಮಲ್ಲಿ ಬಟ್ಟೆ ಒಗೆಯುವುದು ಶುಕ್ರವಾರ ಬೆಳಿಗ್ಗೆ, ಅದಕ್ಕೂ ಗೊತ್ತುಪಡಿಸಿದ ಹೊತ್ತಿತ್ತು. ಅವಳು ಕೈಯಾಡಿಸಿ ಮಂಗಳವಾರದ ನೀಲಿ ಅಂಗಿಯನ್ನು ಹುಡುಕಿ ತೆಗೆದಳು. ಕಾಲರಿನ ಒಳಗೆ ಸ್ಟುಡಿಯೋದಲ್ಲಿ ಮುಖಕ್ಕೆ ಬಳಿದಿದ್ದ ಪೌಡರಿನ ಗೆರೆ. ದೀಪದ ಕೆಳಗೆ ಹಿಡಿದು ಅದನ್ನು ನೋಡಿದಳು, ಮಡಚಿದ್ದ ತೋಳುಗಳನ್ನು ಬಿಡಿಸಿದಳು. ಬಚ್ಚಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಸಾಬೂನು ಹಚ್ಚಿ, ಗೆರೆ ಹೋಗುವವರೆಗೆ ಬೆರಳಿನಿಂದಲೇ ಉಜ್ಜಿದಳು. ಹಿಂಡಿ, ಕೊಡವಿ, ಅಡುಗೆಮನೆಯ ಕಿಟಕಿಯ ಸರಳಿಗೆ ತೂಗಿಸಿದಳು. ನಾನು ಕ್ಲಿಪ್ಪು ಕೊಟ್ಟೆ. ಅವಳು ಎರಡೂ ಭುಜಗಳಿಗೆ ಕ್ಲಿಪ್ಪು ಹಾಕಿ, ಒದ್ದೆ ಕೈಯಿಂದ ದೀಪ ಆರಿಸಿದಳು.